ಸೌಂಡ್‌ಬಾರ್‌ನಿಂದ ನಿಜವಾದ ಸರೌಂಡ್ ಸೌಂಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಬಂದ ನೆಂಟರು, ಆಫೀಸಿನ ಗೆಳೆಯರು, ಎದುರು ಮನೆಯವರು, ಎಲ್ಲರೂ ಸೌಂಡ್‌ಬಾರ್ (ಟಿವಿ ಮುಂದೆ ಇಡುವ ಉದ್ದನೆಯ ಸ್ಪೀಕರ್) ಮತ್ತು ಸರೌಂಡ್ (ಸುತ್ತ ಎಲ್ಲ ಕಡೆಯಿಂದ ಬರುವ ಸದ್ದು) ಬಗ್ಗೆ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಪ್ರತಿ ಸಲ ಫೋನಿನಲ್ಲಿ ವಿವರಿಸಿ ಸಾಕಾಗಿ ಒಂದು ಕಡೆ ಬರೆದಿಡುತ್ತಿದ್ದೇನೆ. ನಾನು ಸೌಂಡ್ ಎಂಜಿನಿಯರ್ ಅಲ್ಲ. ಎರಡು ಸೌಂಡ್‌ಬಾರ್ ಕೊಂಡು, ಮೂರು ಬಾಡಿಗೆ ಮನೆ ಬದಲಿಸಿ, ಒಂದಷ್ಟು ತಪ್ಪು ಮಾಡಿ ಕಲಿತವನು, ಅಷ್ಟೇ.

ಟಿವಿ ಮುಂದೆ ಒಂದು ಬಾರ್ ಇಟ್ಟರೆ ಸಾಕಾ? ಹಿಂದಿನಿಂದ ಸದ್ದು ಬರುತ್ತಾ?

ಹಿಂದಿನಿಂದ ಸದ್ದು ಬರಬೇಕು ಅಂದ್ರೆ ಹಿಂದೆ ಸ್ಪೀಕರ್ ಇರಬೇಕು. ಬರೀ ಬಾರ್ ಆಡುವುದು ಕೇರಂ. ಸ್ಟ್ರೈಕರನ್ನು ಪಕ್ಕದ ಪಟ್ಟಿಗೆ ಹೊಡೆದು ರಿಬೌಂಡ್‌ನಲ್ಲಿ ಕಾಯಿ ಹಾಕುತ್ತೇವಲ್ಲ, ಹಾಗೆ ಬಾರ್‌ನ ಎರಡೂ ತುದಿಯ ಸ್ಪೀಕರ್‌ಗಳು ಸದ್ದನ್ನು ಪಕ್ಕದ ಗೋಡೆಗೆ ಹೊಡೆಯುತ್ತವೆ, ಅದು ಅಲ್ಲಿಂದ ತಿರುಗಿ ನಿಮ್ಮ ಕಿವಿಗೆ ಬರುತ್ತದೆ. ಎರಡೂ ಕಡೆ ಗಟ್ಟಿ ಗೋಡೆ ಇದ್ದು, ಬಾರ್ ಸರಿಯಾಗಿ ನಡುವಿನಲ್ಲಿದ್ದು, ನೀವೂ ನಡುವಿನಲ್ಲೇ ಕೂತರೆ ಸದ್ದು ಅಗಲವಾಗಿ ಹರಡಿದಂತೆ ಕೇಳುತ್ತದೆ. ಚೆನ್ನಾಗಿಯೇ ಇರುತ್ತದೆ, ಇಲ್ಲ ಅನ್ನಲ್ಲ. ಆದರೆ ಬೆನ್ನ ಹಿಂದೆ ಬಾಗಿಲು ಕಿರುಗುಟ್ಟಿದಾಗ ತಿರುಗಿ ನೋಡುವಂತೆ ಆಗುವುದು ಕಡಿಮೆ.

ನಮ್ಮ ಹಾಲ್‌ಗಳ ಕಥೆ ಗೊತ್ತಲ್ಲ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಡೈನಿಂಗ್, ಅದರಾಚೆ ಓಪನ್ ಕಿಚನ್. ಪಟ್ಟಿಯೇ ಇಲ್ಲದ ಕಡೆ ಹೊಡೆದರೆ ಸ್ಟ್ರೈಕರ್ ಬೋರ್ಡಿನಿಂದ ಆಚೆ ಹೋಗುತ್ತದೆ. ಬಲಗಡೆಯ ಸದ್ದು ಗೋಡೆಗೆ ತಾಗಿ ಬಂದರೆ, ಎಡಗಡೆಯದು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವವರಿಗೆ ಕೇಳುತ್ತದೆ.

ಹಾಗಾದ್ರೆ ವರ್ಚುವಲ್ ಸರೌಂಡ್ ಅನ್ನುವುದೆಲ್ಲ ಸುಳ್ಳಾ?

ಪೂರ್ತಿ ಸುಳ್ಳಲ್ಲ. ನಮಗಿರುವುದೇ ಎರಡು ಕಿವಿ, ಆದರೂ ಸದ್ದು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಬಲಗಡೆಯ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತದೆ, ಎಡಗಿವಿಗೆ ಹೆಚ್ಚೆಂದರೆ ಸುಮಾರು 0.7 ಮಿಲಿಸೆಕೆಂಡ್ ತಡವಾಗಿ, ಸ್ವಲ್ಪ ಮೆತ್ತಗಾಗಿ ಮುಟ್ಟುತ್ತದೆ. ಜೊತೆಗೆ ಕಿವಿಯ ಹಾಲೆಯ ತಿರುವುಗಳು ಹಿಂದಿನ ಸದ್ದು, ಮೇಲಿನ ಸದ್ದು ಎಲ್ಲಕ್ಕೂ ಒಂದೊಂದು ಬಣ್ಣ ಹಚ್ಚುತ್ತವೆ. ಮಿದುಳು ಇಷ್ಟರಲ್ಲೇ ದಿಕ್ಕು ಲೆಕ್ಕ ಹಾಕುತ್ತದೆ. ವರ್ಚುವಲ್ ಸರೌಂಡ್ ಈ ತಡ ಮತ್ತು ಬಣ್ಣವನ್ನು ಬೇಕಂತಲೇ ಸದ್ದಿಗೆ ಸೇರಿಸಿ ಮಿದುಳನ್ನು ಯಾಮಾರಿಸುತ್ತದೆ.

ಹೆಡ್‌ಫೋನ್‌ನಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ, ಯಾಕೆಂದರೆ ಅಲ್ಲಿ ಒಂದು ಕಿವಿಯದ್ದು ಇನ್ನೊಂದಕ್ಕೆ ಬೆರೆಯುವುದಿಲ್ಲ. ಹಾಲ್‌ನಲ್ಲಿ ಬೆರೆಯುತ್ತದೆ. ಬಾರ್ ಅದನ್ನೂ ಅಳಿಸಲು ನೋಡುತ್ತದೆ, ಆದರೆ ನಡು ಸೀಟಿನಲ್ಲಿ ಕೂತ ಒಬ್ಬರಿಗೆ ಮಾತ್ರ ಆ ಲೆಕ್ಕ ಸರಿಹೋಗುತ್ತದೆ. ಮನೆಮಂದಿಯೆಲ್ಲ ಸೋಫಾದ ತುಂಬ ಕೂತು ನೋಡುವ ಮನೆಗಳಿಗೆ ಇದು ಅಷ್ಟಕ್ಕಷ್ಟೇ.

3.1.2, 5.1, 5.1.4 ಅಂತ ಬರೆದಿರುತ್ತಾರಲ್ಲ, ಏನದು?

ಮೊದಲ ಅಂಕಿ ಕಿವಿಮಟ್ಟದ ಚಾನೆಲ್‌ಗಳು, ಅಂದರೆ ಒಂದೊಂದು ದಿಕ್ಕಿಗೆ ಬೇರೆ ಬೇರೆಯಾಗಿ ಬರುವ ಸದ್ದುಗಳು. ಎರಡನೆಯದು ಸಬ್‌ವೂಫರ್, ಅಂದರೆ ಬೇಸ್ ಸದ್ದಿನ ಸ್ಪೀಕರ್. ಮೂರನೆಯದು ಮೇಲಿಂದ ಬರುವ ಸದ್ದಿನ ಚಾನೆಲ್‌ಗಳು. 3.1.2 ಅಂದರೆ ಎಡ, ನಡು, ಬಲ, ಒಂದು ಸಬ್, ಮೇಲಕ್ಕೆ ಎರಡು. ಗಮನಿಸಿ, ಅದರಲ್ಲಿ ಹಿಂದಿನದು ಒಂದೂ ಇಲ್ಲ! 5.1ರಲ್ಲಿ ಹಿಂದಿನ ಎರಡು ಸೇರಿವೆ.

ಇನ್ನೊಂದು ಕಿತಾಪತಿ ಇದೆ. ಪಕ್ಕದ ಗೋಡೆಗೆ ಹೊಡೆಯುವ ಸ್ಪೀಕರನ್ನೂ ಲೆಕ್ಕಕ್ಕೆ ಸೇರಿಸಿ ಒಂದೇ ಬಾರನ್ನು 5.1 ಅಂತಲೋ 7.1 ಅಂತಲೋ ಮಾರುತ್ತಾರೆ. ಅಂಕಿ ಬಿಡಿ, ಡಬ್ಬದೊಳಗೆ ಎಷ್ಟು ಪೀಸ್ ಇವೆ ಅಂತ ಕೇಳಿ. ಬಾರ್, ಸಬ್, ಮತ್ತೆ ಎರಡು ಚಿಕ್ಕ ಸ್ಪೀಕರ್, ಒಟ್ಟು ನಾಲ್ಕು ಇದ್ದರೆ ಹಿಂದಿನ ಸದ್ದು ಹಿಂದಿನಿಂದಲೇ ಬರುತ್ತದೆ.

ಅಟ್ಮಾಸ್ ಇರುವ ಬರೀ ಬಾರ್ ತಗೊಳ್ಳಲಾ, ಅಟ್ಮಾಸ್ ಇಲ್ಲದ 5.1 ಸೆಟ್ ತಗೊಳ್ಳಲಾ?

ಒಂದೇ ಬಜೆಟ್‌ನಲ್ಲಿ ಎರಡೂ ಸಿಗುತ್ತಿದ್ದರೆ ನನ್ನ ವೋಟು ಯಾವಾಗಲೂ 5.1 ಸೆಟ್‌ಗೆ. ಡಾಲ್ಬಿ ಅಟ್ಮಾಸ್ ಅಂದರೆ ತಲೆ ಮೇಲಿನಿಂದಲೂ ಸದ್ದು ಬರುವಂತೆ ಮಾಡುವ ತಂತ್ರ. ಅದು 2012ರಲ್ಲಿ ಥಿಯೇಟರ್‌ಗಳಿಗೆ ಬಂತು, 2014ರಲ್ಲಿ ಮನೆಗಳಿಗೆ. ಥಿಯೇಟರ್‌ನಲ್ಲಿ ಅದು ಗೋಡೆ, ಮಾಡು ಎಲ್ಲ ಸೇರಿ 64 ಸ್ಪೀಕರ್ ಸಾಲುಗಳವರೆಗೆ ಸದ್ದು ಹಂಚಬಲ್ಲದು. ಅಲ್ಲಿ ಹೆಲಿಕಾಪ್ಟರ್ ತಲೆ ಮೇಲೆ ಹಾರಿದರೆ ನಿಜವಾಗಲೂ ತಲೆ ಮೇಲೆ ಸ್ಪೀಕರ್ ಇರುತ್ತದೆ. ಮನೆಯಲ್ಲಿ ಎರಡೇ ಎರಡು ಸ್ಪೀಕರ್ ಇರುವ ಸಣ್ಣ ಬಾರ್ ಮೇಲೂ ಅದೇ ಹೆಸರಿನ ಸ್ಟಿಕ್ಕರ್ ಅಂಟಿರುತ್ತದೆ. ಆ ಬಾರ್‌ಗೆ ಅಟ್ಮಾಸ್ ಸಿಗ್ನಲ್ ಅರ್ಥವಾಗುತ್ತದೆ ಅಂತ ಮಾತ್ರ ಅದರ ಅರ್ಥ.

ನಮ್ಮ ದೇಶದಲ್ಲಿ ಸೋನಿ ಎಚ್‌ಟಿ-ಎಸ್20ಆರ್ ತರಹದ ಸೆಟ್‌ಗಳನ್ನು ಬಹಳ ಮನೆಗಳಲ್ಲಿ ನೋಡಿರುತ್ತೀರಿ. ಅಟ್ಮಾಸ್ ಇಲ್ಲ, ಹಿಂದಿನ ಸ್ಪೀಕರ್‌ಗೆ ವೈರ್ ಎಳೆಯಬೇಕು, ನೋಡಲು ಅಂಥ ಸೊಗಸೂ ಇಲ್ಲ. ಆದರೆ ಮಳೆ ಬಂದರೆ ಬೆನ್ನ ಹಿಂದೆಯೂ ಮಳೆ ಬರುತ್ತದೆ.

ನಮ್ಮದು ಹಂಚಿನ ಮನೆ. ಮೇಲಕ್ಕೆ ಹೊಡೆಯುವ ಸ್ಪೀಕರ್ ಕೆಲಸ ಮಾಡುತ್ತಾ?

ಮಂಗಳೂರು ಹಂಚಿನ ಇಳಿಜಾರು ಮಾಡಿಗೆ ಹೊಡೆದ ಸದ್ದು ನಿಮ್ಮ ಕಡೆ ಬರುವ ಬದಲು ಇನ್ನೆಲ್ಲಿಗೋ ಹೋಗುತ್ತದೆ. ಈ ಸ್ಪೀಕರ್‌ಗಳಿಗೆ ಬೇಕಾದದ್ದು ಸಮತಟ್ಟಾದ, ಗಟ್ಟಿಯಾದ ಸೀಲಿಂಗ್, 8ರಿಂದ 12 ಅಡಿ ಎತ್ತರದಲ್ಲಿ. 14 ಅಡಿ ದಾಟಿದರೆ ಆಸೆ ಬಿಡಿ. ಆ ಲೆಕ್ಕದಲ್ಲಿ ಹತ್ತು ಅಡಿಯ ಆರ್‌ಸಿಸಿ ಸೀಲಿಂಗ್ ಹೇಳಿ ಮಾಡಿಸಿದ ಹಾಗಿದೆ. ಮಲೆನಾಡು, ಕರಾವಳಿಯ ಹಳೇ ಮನೆಯವರು ಎತ್ತರದ ಚಾನೆಲ್‌ಗೆ ದುಡ್ಡು ಸುರಿಯದೆ ಆ ದುಡ್ಡನ್ನು ಹಿಂದಿನ ಸ್ಪೀಕರ್‌ಗೆ ಹಾಕಿ. ಪಿಒಪಿ ಫಾಲ್ಸ್ ಸೀಲಿಂಗ್ ಚಪ್ಪಟೆಯಾಗಿದ್ದರೆ ತೊಂದರೆ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ, ನಡುವೆ ಫ್ಯಾನ್, ಸುತ್ತ ಲೈಟಿನ ಗುಂಡಿ ಮಾಡಿಸಿದ್ದರೆ ಸದ್ದು ಚದುರುತ್ತದೆ.

ಯಾವ ಕೇಬಲ್ ಹಾಕಬೇಕು?

ಎಚ್‌ಡಿಎಂಐ. ಬೇರೆ ಮಾತೇ ಇಲ್ಲ.

ನನ್ನ ಮೊದಲ ಬಾರ್ ಕಥೆ ಕೇಳಿ. ಅಂಗಡಿಯಿಂದ ಬಂದ ಹುಡುಗ ಡಬ್ಬದಲ್ಲಿದ್ದ ಆಪ್ಟಿಕಲ್ ಕೇಬಲ್ ಚುಚ್ಚಿ, ಒಂದು ಹಾಡು ಹಾಕಿ, "ನೋಡಿ ಸರ್, ಹೆಂಗೈತೆ" ಅಂತ ಹೇಳಿ ಹೋದ. ಸದ್ದು ಜೋರಾಗಿತ್ತು, ನಾನೂ ಖುಷಿಯಾದೆ. ಆರು ತಿಂಗಳು ಅಟ್ಮಾಸ್ ಅಂದುಕೊಂಡು ಕೇಳಿದ್ದು ಅಟ್ಮಾಸ್ ಆಗಿರಲೇ ಇಲ್ಲ. ಯಾಕೆಂದರೆ ಆಪ್ಟಿಕಲ್ ಕೇಬಲ್‌ನಲ್ಲಿ ಹಳೆಯ ಡಾಲ್ಬಿ ಡಿಜಿಟಲ್ 5.1 ಬರುತ್ತದೆ, ಡಿಟಿಎಸ್ ಬರುತ್ತದೆ, ಅದರ ಮೇಲೆ ಹೋಗುವುದಿಲ್ಲ. ಒಟಿಟಿಗಳು ಅಟ್ಮಾಸ್ ಕಳಿಸುವ ಡಾಲ್ಬಿ ಡಿಜಿಟಲ್ ಪ್ಲಸ್ ಅದರಲ್ಲಿ ಹೋಗಲ್ಲ. ಬ್ಲೂಟೂತ್ ಇನ್ನೂ ಕಡೆ, ಬರೀ ಎರಡು ಚಾನೆಲ್. ಹಾಡು ಕೇಳುವುದಕ್ಕೆ ಸರಿ, ಸಿನಿಮಾಕ್ಕಲ್ಲ.

ಟಿವಿಯ ಹಿಂದೆ ಮೂರ್ನಾಲ್ಕು ಎಚ್‌ಡಿಎಂಐ ತೂತುಗಳಿರುತ್ತವೆ. ಅವುಗಳಲ್ಲಿ ಒಂದರ ಪಕ್ಕ ಮಾತ್ರ ಎಆರ್‌ಸಿ ಅಥವಾ ಅದರ ಹೊಸ ರೂಪವಾದ ಇಎಆರ್‌ಸಿ ಅಂತ ಬರೆದಿರುತ್ತದೆ. ಟಿವಿಯಿಂದ ಬಾರ್‌ಗೆ ಸದ್ದು ಕಳಿಸುವ ತೂತು ಅದೇ. ಕೇಬಲ್ಲಿನ ಒಂದು ತುದಿ ಅಲ್ಲಿಗೆ, ಇನ್ನೊಂದು ತುದಿ ಬಾರ್‌ನಲ್ಲಿ ಔಟ್ ಅಂತ ಬರೆದಿರುವ ಕಡೆಗೆ. ಸದ್ದು ಒಳಗೆ ಬರಬೇಕು ತಾನೇ ಅಂತ ಎಷ್ಟೋ ಜನ ಇನ್ ಅಂತ ಬರೆದಿರುವಲ್ಲಿ ಚುಚ್ಚುತ್ತಾರೆ. ಪಾಪ, ತಪ್ಪು ಅವರದ್ದಲ್ಲ, ಹೆಸರೇ ಹಾಗಿದೆ.

ಎಆರ್‌ಸಿ ಸಾಕಾ, ಇಎಆರ್‌ಸಿ ಬೇಕೇ ಬೇಕಾ? ಇದಕ್ಕೋಸ್ಕರ ಹೊಸ ಟಿವಿ ತಗೊಳ್ಳಲಾ?

ಅಯ್ಯೋ, ಬೇಡ. ನೀವು ನೋಡುವುದು ಒಟಿಟಿ ಮಾತ್ರ ಆದರೆ ಮಾಮೂಲಿ ಎಆರ್‌ಸಿಯೇ ಸಾಕು. ಒಟಿಟಿ ಅಟ್ಮಾಸ್ ಡಾಲ್ಬಿ ಡಿಜಿಟಲ್ ಪ್ಲಸ್‌ನಲ್ಲೇ ಬರುತ್ತದೆ, ಅದನ್ನು ಎಆರ್‌ಸಿ ಸಾಗಿಸಬಲ್ಲದು, ಟಿವಿ ಅದನ್ನು ದಾಟಿಸುವಂಥದ್ದಾಗಿದ್ದರೆ ಆಯಿತು. ಬ್ಲೂ-ರೇ ಡಿಸ್ಕ್‌ನ ಟ್ರೂಎಚ್‌ಡಿ, ಗೇಮ್ ಕನ್ಸೋಲ್‌ನ ಮಲ್ಟಿಚಾನೆಲ್ ಪಿಸಿಎಂ, ಇಂಥ ದೊಡ್ಡ ಸಿಗ್ನಲ್‌ಗಳಿಗೆ ಇಎಆರ್‌ಸಿ ಬೇಕು. ಕೇಬಲ್ಲಿಗೂ ಸಾವಿರಗಟ್ಟಲೆ ಕೊಡಬೇಕಿಲ್ಲ. ಹೈ ಸ್ಪೀಡ್ ವಿತ್ ಈಥರ್ನೆಟ್ ಅಂತ ಇರುವುದು ಇಎಆರ್‌ಸಿಗೂ ನಡೆಯುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡ್ ಕಡೆ ಹೋದರೆ ಒಂದು ನೋಡಿ ತನ್ನಿ.

ಕೇಬಲ್ ಸರಿ ಇದೆ, ಆದರೂ ಹಿಂದಿನ ಸ್ಪೀಕರ್ ಸುಮ್ನೆ ಕೂತಿದೆ. ಯಾಕೆ?

ನನಗೆ ಬರುವ ಕರೆಗಳಲ್ಲಿ ಜಾಸ್ತಿ ಇದೇ. ಬಹಳ ಸಲ ತಪ್ಪು ಟಿವಿ ಸೆಟ್ಟಿಂಗ್ಸ್‌ನಲ್ಲಿರುತ್ತದೆ. ಸೌಂಡ್ ಮೆನುವಿನೊಳಗೆ ಡಿಜಿಟಲ್ ಆಡಿಯೋ ಔಟ್‌ಪುಟ್ ಅಂತ ಒಂದು ಇರುತ್ತದೆ, ಹೆಸರು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ಅದು ಪಿಸಿಎಂ ಮೇಲಿದ್ದರೆ ಟಿವಿ ಎಲ್ಲ ಚಾನೆಲ್‌ಗಳನ್ನೂ ಕಲಸಿ ಎರಡು ಮಾಡಿ ಕಳಿಸುತ್ತದೆ. ಬಿಸಿಬೇಳೆಬಾತ್ ಆದ ಮೇಲೆ ಬೇಳೆ, ಅಕ್ಕಿ ಬೇರೆ ಮಾಡಲು ಬಾರ್‌ಗೂ ಆಗಲ್ಲ. ಅದನ್ನು ಆಟೋ, ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ, ಯಾವುದು ಇದೆಯೋ ಅದಕ್ಕೆ ಬದಲಿಸಿ. ಹಾಗೆಯೇ ಎಚ್‌ಡಿಎಂಐ-ಸಿಇಸಿ (ಟಿವಿ, ಬಾರ್ ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಆನ್ ಮಾಡಿ. ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಅನ್ನುತ್ತದೆ, ಎಲ್‌ಜಿ ಸಿಂಪ್ಲಿಂಕ್ ಅನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್ ಅನ್ನುತ್ತದೆ. ದೇವರೊಬ್ಬ ನಾಮ ಹಲವು.

ಟಿವಿಗೆ ಚುಚ್ಚುವ ಒಟಿಟಿ ಸ್ಟಿಕ್ ಅಥವಾ ಸೆಟ್‌ಟಾಪ್ ಬಾಕ್ಸ್ ಬಳಸುತ್ತಿದ್ದರೆ ಅದರೊಳಗೂ ಇಂಥದ್ದೇ ಸೆಟ್ಟಿಂಗ್ ಇರುತ್ತದೆ. ಅದನ್ನು ಮರೆತರೆ ಟಿವಿಯಲ್ಲಿ ಏನು ಮಾಡಿದರೂ ಅಷ್ಟೇ. ಕೆಲವು ಹಳೆಯ ಟಿವಿಗಳು ಬೇರೆ ಬಾಕ್ಸ್‌ನಿಂದ ಬಂದ 5.1 ಅನ್ನು ಮುಂದಕ್ಕೆ ದಾಟಿಸುವುದೇ ಇಲ್ಲ. ಆಗ ಬಾರ್‌ನಲ್ಲಿ ಎಚ್‌ಡಿಎಂಐ ಇನ್ ಇದ್ದರೆ ಸ್ಟಿಕ್ಕನ್ನು ನೇರ ಅಲ್ಲಿಗೇ ಹಾಕಿ.

ಅದೂ ಸರಿ ಇದೆ ಮಾರಾಯ್ರೆ. ಆದರೂ ಇಲ್ಲ.

ಹಾಗಿದ್ದರೆ ನೀವು ನೋಡುತ್ತಿರುವುದರಲ್ಲೇ 5.1 ಇಲ್ಲ. ಯೂಟ್ಯೂಬ್‌ನ ಬಹುಪಾಲು ವಿಡಿಯೋ ಸ್ಟಿರಿಯೋ, ಅಂದರೆ ಎಡ, ಬಲ ಎರಡೇ ಚಾನೆಲ್. ಅಲ್ಲಿ ಅಟ್ಮಾಸ್ ಡೆಮೊ ಅಂತ ದೊಡ್ಡ ಅಕ್ಷರದಲ್ಲಿ ಹಾಕಿ ಲಕ್ಷ ವ್ಯೂ ಗಿಟ್ಟಿಸಿದ ಎಷ್ಟೋ ವಿಡಿಯೋಗಳು ಕೂಡ ಸ್ಟಿರಿಯೋನೇ. ನ್ಯೂಸು, ಧಾರಾವಾಹಿ, ಹಳೇ ಹಾಡು ಎಲ್ಲ ಎರಡೇ ಚಾನೆಲ್.

ನೆಟ್‌ಫ್ಲಿಕ್ಸ್‌ನಲ್ಲಿ ಅಟ್ಮಾಸ್ ಬೇಕಾದರೆ ಅಲ್ಟ್ರಾ ಎಚ್‌ಡಿ ಇರುವ ಪ್ರೀಮಿಯಂ ಪ್ಲಾನ್ ಬೇಕು. ಸಿನಿಮಾದ ಹೆಸರಿನ ಕೆಳಗೆ 5.1 ಅಂತಲೋ ಅಟ್ಮಾಸ್ ಅಂತಲೋ ಗುರುತು ಇದೆಯಾ ನೋಡಿ. ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ: ಆ ಗುರುತು ಮೂಲ ಭಾಷೆಯ ಆಡಿಯೋದ್ದು ಇರಬಹುದು. ನೀವು ಕನ್ನಡ ಡಬ್ಬಿಂಗ್ ಆರಿಸಿದ ತಕ್ಷಣ ಅದು ಸ್ಟಿರಿಯೋ ಆಗಿಬಿಡುವುದೂ ಉಂಟು. ಆಡಿಯೋ ಪಟ್ಟಿ ತೆರೆದು, ಭಾಷೆಯ ಹೆಸರಿನ ಮುಂದೆ ಏನು ಬರೆದಿದೆ ಅಂತ ಓದಿ. ನಮ್ಮ ಭಾಷೆಗೆ ಎರಡು ಚಾನೆಲ್ ಸಾಕು ಅಂತ ಯಾರು ತೀರ್ಮಾನ ಮಾಡುತ್ತಾರೋ, ಅದು ಬೇರೆಯೇ ಸಿಟ್ಟು.

ಸ್ಟಿರಿಯೋ ಬಂದಾಗಲೂ ಎಲ್ಲ ಸ್ಪೀಕರ್ ಮಾತಾಡಬೇಕು ಅಂದ್ರೆ ಬಾರ್ ರಿಮೋಟ್‌ನಲ್ಲಿ ಸರೌಂಡ್ ಅಥವಾ ಅಪ್‌ಮಿಕ್ಸ್ ಮೋಡ್ ಇರುತ್ತದೆ. ಎರಡು ಚಾನೆಲ್‌ನಿಂದ ಊಹೆ ಮಾಡಿ ಹಿಂದಕ್ಕೂ ಒಂದಿಷ್ಟು ಕಳಿಸುತ್ತದೆ. ಕ್ರಿಕೆಟ್ ನೋಡುವಾಗ ಜನರ ಗದ್ದಲಕ್ಕೆ ಚೆನ್ನಾಗಿರುತ್ತದೆ. ಹಾಡಿಗೆ ನನಗಂತೂ ಹಿಡಿಸಲ್ಲ.

ಹಿಂದಿನ ಸ್ಪೀಕರ್ ನಿಜವಾಗಿ ಕೆಲಸ ಮಾಡುತ್ತಿದೆ ಅಂತ ಹೇಗೆ ತಿಳಿಯೋದು?

ಮಳೆ ಸುರಿಯುವ ಅಥವಾ ಸಂತೆ, ಜಾತ್ರೆಯ ಒಂದು ಸೀನ್ ಹಾಕಿ ಹಿಂದಿನ ಸ್ಪೀಕರ್‌ಗೆ ಕಿವಿ ಇಡಿ. ಬರೀ ಗಿಜಿಗಿಜಿ ವಾತಾವರಣದ ಸದ್ದು ಬರಬೇಕು. ಅಲ್ಲೂ ಹೀರೋ ಡೈಲಾಗ್ ಸ್ಪಷ್ಟವಾಗಿ ಕೇಳುತ್ತಿದ್ದರೆ, ಬಾರ್ ಸ್ಟಿರಿಯೋವನ್ನೇ ಎಲ್ಲ ಕಡೆ ಹಂಚುತ್ತಿದೆ ಅಂತ ಅರ್ಥ. ನಿಜವಾದ 5.1ರಲ್ಲಿ ಹಿಂದಿನ ಸ್ಪೀಕರ್ ಬಹಳ ಹೊತ್ತು ಸುಮ್ಮನೇ ಇರುತ್ತದೆ, ಅದಕ್ಕೆ ಕೆಟ್ಟಿದೆ ಅಂದುಕೊಳ್ಳಬೇಡಿ. ಎಷ್ಟೋ ಬಾರ್‌ಗಳ ಡಿಸ್‌ಪ್ಲೇ ಅಥವಾ ಆ್ಯಪ್‌ನಲ್ಲಿ ಈಗ ಬರುತ್ತಿರುವ ಸಿಗ್ನಲ್ ಯಾವುದು ಅಂತ ತೋರಿಸುತ್ತದೆ, ಅದೇ ಪಕ್ಕಾ ಸಾಕ್ಷಿ.

ಹಿಂದಿನ ಸ್ಪೀಕರ್ ಎಲ್ಲಿ ಇಡಬೇಕು? ನಮ್ಮ ಸೋಫಾ ಗೋಡೆಗೇ ತಾಗಿದೆ.

ಎಲ್ಲರ ಮನೆಯಲ್ಲೂ ತಾಗಿದೆ! 5.1ರ ಪ್ರಕಾರ ಹಿಂದಿನ ಸ್ಪೀಕರ್‌ಗಳು ನಿಮ್ಮ ಮುಖದ ನೇರದಿಂದ 100ರಿಂದ 120 ಡಿಗ್ರಿಯಲ್ಲಿ ಇರಬೇಕು. ಅಂದರೆ ಪಕ್ಕಕ್ಕೆ ಕೈ ಚಾಚಿ, ಆ ಕೈಯನ್ನು ಒಂಚೂರು ಹಿಂದಕ್ಕೆ ತಂದರೆ ಅದು ತೋರಿಸುವ ಜಾಗ. ಬೆನ್ನ ಹಿಂದೆಯೇ ಇಡಬೇಕು ಅನ್ನುವುದು ತಪ್ಪು ತಿಳಿವಳಿಕೆ. ಹಾಗಾಗಿ ಸೋಫಾದ ಎರಡು ಪಕ್ಕದಲ್ಲಿ ಸ್ಟ್ಯಾಂಡ್ ಮೇಲೆ ಇಟ್ಟರೂ ನಡೆಯುತ್ತದೆ. ಎತ್ತರ ಕಿವಿಮಟ್ಟಕ್ಕಿಂತ ಒಂದೆರಡು ಅಡಿ ಮೇಲೆ ಇರಲಿ, ಪಕ್ಕದಲ್ಲಿ ಕೂತವರ ತಲೆ ಅಡ್ಡ ಬರುವುದಿಲ್ಲ. ಸಾಧ್ಯವಾದರೆ ಸೋಫಾವನ್ನು ಒಂದು ಅಡಿ ಮುಂದಕ್ಕೆ ಎಳೆಯಿರಿ. ಮನೆಯಲ್ಲಿ ಒಪ್ಪಿದರೆ.

ಇಟ್ಟ ಮೇಲೆ ಮೆನುವಿನಲ್ಲಿ ದೂರ ಮತ್ತು ಲೆವೆಲ್ ಹೊಂದಿಸಿ. ಸದ್ದು ಒಂದು ಮಿಲಿಸೆಕೆಂಡ್‌ನಲ್ಲಿ ಸುಮಾರು ಒಂದು ಅಡಿ ಹೋಗುತ್ತದೆ. ಬಾರ್ ಹತ್ತು ಅಡಿ ದೂರ, ಹಿಂದಿನ ಸ್ಪೀಕರ್ ಮೂರು ಅಡಿ ದೂರ ಇದ್ದರೆ ಹಿಂದಿನದು ಸುಮಾರು ಆರೇಳು ಮಿಲಿಸೆಕೆಂಡ್ ಮೊದಲೇ ಕಿವಿ ಮುಟ್ಟುತ್ತದೆ. ಟೇಪ್ ಹಿಡಿದು ಅಳೆದು ಹಾಕಿ, ಅಂದಾಜು ಬೇಡ. ಲೆವೆಲ್ ಮಾತ್ರ ಕಿವಿಯಿಂದಲೇ ನೋಡಿ. ಹೊಸದರಲ್ಲಿ ಎಲ್ಲರೂ ಹಿಂದಿನದನ್ನು ಜೋರು ಇಡುತ್ತಾರೆ, ದುಡ್ಡು ಕೊಟ್ಟಿದ್ದೇವಲ್ಲ ಅಂತ. ವಾರ ಕಳೆದ ಮೇಲೆ ತಾವೇ ಇಳಿಸುತ್ತಾರೆ.

ವೈರ್‌ಲೆಸ್ ಅಂದ್ರೆ ವೈರೇ ಇಲ್ವಾ?

ಇದೆ. ಸಿಗ್ನಲ್‌ಗೆ ಮಾತ್ರ ವೈರ್ ಇಲ್ಲ, ಕರೆಂಟಿಗೆ ಬೇಕು. ಸೋಫಾ ಹಿಂದೆ ಪ್ಲಗ್ ಪಾಯಿಂಟ್ ಇದೆಯಾ ಅಂತ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಕೆಲವು ಸೆಟ್‌ಗಳಲ್ಲಿ ಹಿಂದೆ ಒಂದು ಆಂಪ್ಲಿಫೈಯರ್ ಡಬ್ಬ ಇರುತ್ತದೆ, ಅದರಿಂದ ಎರಡೂ ಸ್ಪೀಕರ್‌ಗೆ ಮತ್ತೆ ವೈರ್ ಹೋಗುತ್ತದೆ. ಬಾರ್‌ನ ತುದಿಯಿಂದ ಕಿತ್ತು ಹಿಂದೆ ಇಡಬಹುದಾದ ಬ್ಯಾಟರಿ ಸ್ಪೀಕರ್‌ಗಳೂ ಇವೆ, ಜೆಬಿಎಲ್ ಬಾರ್ 1000ರಲ್ಲಿ ಹಾಗಿದೆ. ಬೆಲೆ ಜಾಸ್ತಿ, ಆದರೆ ಬಾಡಿಗೆ ಮನೆಯವರಿಗೆ ಒಳ್ಳೆಯ ಉಪಾಯ. ವೈರ್ ಎಳೆಯುವುದೇ ಆದರೆ ಗೋಡೆ ಬುಡದಲ್ಲಿ ಪಿವಿಸಿ ಕೇಸಿಂಗ್ ಪಟ್ಟಿ ಹಾಕಿಸಿ. ಓನರ್ ಮೊಳೆ ಹೊಡೆಯಬೇಡಿ ಅಂದರೆ ಎರಡು ಮುಖದ ಟೇಪ್ ಇದ್ದೇ ಇದೆ. ಕೆಂಪು, ಕಪ್ಪು ವೈರ್ ಅದಲುಬದಲಾದರೆ ಸದ್ದು ಟೊಳ್ಳಾಗುತ್ತದೆ, ಒಮ್ಮೆ ನೋಡಿಬಿಡಿ.

ಸಬ್‌ವೂಫರ್ ಮೂಲೆಯಲ್ಲಿ ಇಟ್ಟಿದ್ದೇನೆ. ಬರೀ ಗುಂ ಗುಂ ಅನ್ನುತ್ತಿದೆ.

ಮೂಲೆಯೇ ಕಾರಣ. 40 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು 28 ಅಡಿ. ನಮ್ಮ ಹಾಲ್ ಇರುವುದೇ ಹನ್ನೆರಡು, ಹದಿನಾಲ್ಕು ಅಡಿ. ಅಷ್ಟುದ್ದದ ಅಲೆ ಗೋಡೆಯಿಂದ ಗೋಡೆಗೆ ಬಡಿದು ಕೆಲವು ಕಡೆ ರಾಶಿ ಬೀಳುತ್ತದೆ, ಕೆಲವು ಕಡೆ ಇಲ್ಲವೇ ಇಲ್ಲ. ಜಾಗ ಹುಡುಕಲು ಒಂದು ತಮಾಷೆಯ ದಾರಿ ಇದೆ: ಸಬ್ಬನ್ನು ಎತ್ತಿ ನೀವು ಕೂರುವ ಸೋಫಾ ಮೇಲೆ ಇಡಿ, ಬೇಸ್ ಇರುವ ಹಾಡು ಹಾಕಿ, ಆಮೇಲೆ ನೀವು ಮಗುವಿನ ಹಾಗೆ ಅಂಬೆಗಾಲಿಟ್ಟು ಗೋಡೆ ಬದಿಯಲ್ಲೆಲ್ಲ ಸುತ್ತಿ. ಎಲ್ಲಿ ಬೇಸ್ ಗಟ್ಟಿಯಾಗಿ, ಸ್ವಚ್ಛವಾಗಿ ಕೇಳುತ್ತದೋ ಸಬ್ ಅಲ್ಲಿಡಿ. ಮನೆಯಲ್ಲಿ ಯಾರೂ ಇಲ್ಲದಾಗ ಮಾಡಿದರೆ ಒಳ್ಳೆಯದು. ಅಪಾರ್ಟ್‌ಮೆಂಟ್‌ನವರು ಸಬ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಕೆಳಗಿನ ಮನೆಯವರ ಜೊತೆ ಜಗಳ ಸ್ವಲ್ಪ ಕಡಿಮೆಯಾಗಬಹುದು.

ಫೈಟಿಂಗ್‌ಗೆ ಮನೆ ಅದುರುತ್ತದೆ, ಡೈಲಾಗ್ ಮಾತ್ರ ಕೇಳಲ್ಲ.

ಮೊದಲು ನಡುವಿನ, ಅಂದರೆ ಸೆಂಟರ್ ಚಾನೆಲ್ ಲೆವೆಲ್ ಏರಿಸಿ, ಮಾತೆಲ್ಲ ಅಲ್ಲೇ ಇರುವುದು. ರಾತ್ರಿ ಹೊತ್ತು ನೈಟ್ ಮೋಡ್ ಹಾಕಿದರೆ ಜೋರಿನದು ತಗ್ಗಿ ಮೆಲ್ಲನೆಯದು ಏರುತ್ತದೆ. ಆಮೇಲೆ ರೂಮ್ ನೋಡಿ. ವಿಟ್ರಿಫೈಡ್ ಟೈಲ್ಸ್ ನೆಲ, ಖಾಲಿ ಗೋಡೆ, ಗಾಜಿನ ಟೀಪಾಯಿ, ಇಷ್ಟಿದ್ದರೆ ಮಾತು ಪ್ರತಿಧ್ವನಿಯಲ್ಲಿ ಕರಗಿಹೋಗುತ್ತದೆ. ಬಾರ್ ಮತ್ತು ಸೋಫಾ ನಡುವೆ ಏನಾದರೂ ಹಾಸಿ. ಅಟ್ಟದಲ್ಲಿ ನವಲಗುಂದದ ಜಮಖಾನ ಮಡಚಿಟ್ಟಿದ್ದರೆ ಇಳಿಸಿ, ಚೆಂದವೂ ಆಯಿತು. ಸೋಫಾ ಹಿಂದಿನ ಗೋಡೆಗೆ ದಪ್ಪ ಕರ್ಟನ್ ಒಳ್ಳೆಯದು. ಆದರೆ ಪಕ್ಕದ ಗೋಡೆಗೆ ಹೊಡೆಯುವ ಬಾರ್ ನಿಮ್ಮದಾಗಿದ್ದರೆ ಆ ಗೋಡೆಗಳನ್ನು ಖಾಲಿ ಬಿಡಿ, ಅಲ್ಲಿ ಕರ್ಟನ್ ಹಾಕಿದರೆ ರಿಬೌಂಡ್ ಸತ್ತುಹೋಗುತ್ತದೆ.

ತುಟಿ ಮೊದಲು, ಮಾತು ಆಮೇಲೆ. ಏನು ಮಾಡಲಿ?

ಮಾತು ತಡವಾದರೆ ಟಿವಿಯ ಆಡಿಯೋ ಡಿಲೇ ಸೊನ್ನೆಗೆ ತನ್ನಿ, ಬ್ಲೂಟೂತ್ ಬಿಟ್ಟು ಕೇಬಲ್ ಹಾಕಿ. ಮಾತೇ ಮುಂಚೆ ಬಂದರೆ ಬಾರ್‌ನ ಸಿಂಕ್ ಸೆಟ್ಟಿಂಗ್‌ನಲ್ಲಿ ಸ್ವಲ್ಪ ಸ್ವಲ್ಪವೇ ತಡ ಸೇರಿಸಿ.

1000 ವ್ಯಾಟ್ ಒಳ್ಳೆಯದಾ, 400 ಸಾಕಾ?

ಹಿಂದೆ ಟೇಪ್ ರೆಕಾರ್ಡರ್ ಮೇಲೆ ಪಿಎಂಪಿಒ ಅಂತ ಸಾವಿರಾರು ವ್ಯಾಟ್ ಬರೆಯುತ್ತಿದ್ದರಲ್ಲ, ನೆನಪಿದೆಯಾ? ಅದೇ ಚಾಳಿ ಈಗಲೂ ಇದೆ. ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ನಿಜವಾದ ಶಕ್ತಿ ಎಷ್ಟು ಅಂತ ಕೇಳಿ. ಮಾಮೂಲಿ ಹಾಲ್‌ಗೆ ವ್ಯಾಟ್ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ.

ಮನೆಯಲ್ಲಿ ಹಳೇ ಸ್ಪೀಕರ್ ಇವೆ. ಅವನ್ನೇ ಬಾರ್‌ಗೆ ಹಿಂದಿನ ಸ್ಪೀಕರ್ ಮಾಡಬಹುದಾ?

ಬಹುತೇಕ ಬಾರ್‌ಗಳಲ್ಲಿ ಆಗಲ್ಲ. ಅದೇ ಕಂಪನಿಯ, ಅದೇ ಮಾದರಿಗೆ ಹೊಂದುವ ಸ್ಪೀಕರೇ ಬೇಕು. ಮುಂದೆ ಸೇರಿಸುತ್ತೇನೆ ಅಂತ ಬರೀ ಬಾರ್ ಕೊಳ್ಳುವವರು ಆ ಸ್ಪೀಕರ್ ಈಗಲೇ ನಮ್ಮಲ್ಲಿ ಮಾರಾಟಕ್ಕಿದೆಯಾ ಅಂತ ನೋಡಿ ಕೊಳ್ಳಿ. ನನ್ನ ಎರಡನೇ ಬಾರ್‌ಗೆ ವರ್ಷ ಬಿಟ್ಟು ಹುಡುಕಿದಾಗ ಎಲ್ಲೂ ಸ್ಟಾಕ್ ಇರಲಿಲ್ಲ. ಹಳೇ ಸ್ಪೀಕರ್ ನಿಜವಾಗಿ ಚೆನ್ನಾಗಿದ್ದರೆ ಬಾರ್ ಆಸೆ ಬಿಟ್ಟು ಒಂದು ಎವಿ ರಿಸೀವರ್ (ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚುವ ಆಂಪ್ಲಿಫೈಯರ್ ಡಬ್ಬ) ನೋಡಿ. ವೈರಿನ ಗೋಜಲು ಜಾಸ್ತಿ, ಜಾಗವೂ ಬೇಕು, ಆದರೆ ಒಂದೊಂದೇ ಸ್ಪೀಕರನ್ನು ಯಾವ ಕಂಪನಿಯದಾದರೂ ಬದಲಿಸುತ್ತಾ ಹೋಗಬಹುದು. ನಾನು ಈಗ ಅದೇ ದಾರಿಯಲ್ಲಿದ್ದೇನೆ. ಸದ್ಯಕ್ಕೆ ರಿಸೀವರ್ ಬಂದಿದೆ, ಅದನ್ನು ಇಡುವ ಸ್ಟ್ಯಾಂಡ್ ಬಗ್ಗೆ ಮನೆಯಲ್ಲಿ ಇನ್ನೂ ಮಾತುಕತೆ ನಡೆದಿದೆ.